ಬೆನ್ನುಡಿ ಹೇಗಿದೆ ಅಂತ ನನ್ನನ್ನು ಕೇಳಬೇಡಿ, ನಾನು ಪುಸ್ತಕ ಓದಿಬಿಟ್ಟಿದ್ದೇನೆ

ಗೆಳತಿಯೊಬ್ಬಳು ಕಾದಂಬರಿ ಮುಗಿಸಿದ್ದಾಳೆ. ಒಂದು ರಾತ್ರಿ ಅದರ ಬೆನ್ನುಡಿ ಕಳಿಸಿ, "ಹೇಗಿದೆ ಹೇಳು, ಈ ವಾರ ಮುದ್ರಣಕ್ಕೆ ಕೊಡ್ಬೇಕು" ಅಂದಳು. ಓದಿದೆ. "ಚೆನ್ನಾಗಿದೆ" ಅಂತ ಉತ್ತರ ಹಾಕಿ ಮಲಗಿದೆ. ಮುಲಾಜಿಗೆ ಹೇಳಿದ್ದಲ್ಲ. ನಿಜವಾಗಿಯೂ ಚೆನ್ನಾಗಿದೆ ಅನಿಸಿತ್ತು.

ಮರುದಿನ ಸುಮ್ನೆ ಅದನ್ನು ನನ್ನ ತಂಗಿಗೆ ಓದಿ ಹೇಳಿದೆ. ಅವಳು ಕಾದಂಬರಿ ಓದಿಲ್ಲ. ಪೂರ್ತಿ ಕೇಳಿಸಿಕೊಂಡು, "ಸರಿ, ಕಥೆ ಯಾರದ್ದು?" ಅಂದಳು.

ವಿವರಿಸೋಕೆ ಬಾಯಿ ತೆರೆದೆ. ಅಲ್ಲೇ ಸಿಕ್ಕಿಬಿದ್ದೆ. ಪುಸ್ತಕದಂಗಡಿಯಲ್ಲಿ ನಿಂತು ಬೆನ್ನುಡಿ ಓದುವವರ ಪಕ್ಕದಲ್ಲಿ ವಿವರಿಸೋಕೆ ನಾನು ಇರುವುದಿಲ್ಲವಲ್ಲ!

ಬೆನ್ನುಡಿ ಶುರುವಾಗಿದ್ದು ಹೀಗೆ: "ಕಾಲದ ಹರಿವಿನಲ್ಲಿ ಕಳೆದುಹೋಗುವ ಮನುಷ್ಯ ಸಂಬಂಧಗಳ ಸೂಕ್ಷ್ಮ ಎಳೆಗಳನ್ನು ಮನಮುಟ್ಟುವಂತೆ ಕಟ್ಟಿಕೊಡುವ ಕಾದಂಬರಿ." ಕಾದಂಬರಿಯಲ್ಲಿ ಇರುವುದೇನು ಗೊತ್ತಾ? ವಾಚ್ ರಿಪೇರಿ ಮಾಡುವ ಒಬ್ಬ ಮುದುಕ. ರಿಪೇರಿಗೆ ಕೊಟ್ಟು ಯಾರೂ ವಾಪಸ್ ಕೇಳದ ಮೂವತ್ತು ವಾಚುಗಳು ಅವನ ಕಪಾಟಿನಲ್ಲಿವೆ. ಅಂಗಡಿ ಮುಚ್ಚುವ ಮೊದಲು ಅವನ್ನೆಲ್ಲ ಮನೆ ಮನೆಗೆ ಹೋಗಿ ಕೊಟ್ಟು ಬರೋಣ ಅಂತ ಹೊರಡುತ್ತಾನೆ. ಏಳನೇ ಮನೆಯಲ್ಲಿ ಒಬ್ಬ ಹೆಂಗಸು ವಾಚ್ ನೋಡಿದ್ದೇ ಬಾಗಿಲು ಹಾಕಿಕೊಳ್ಳುತ್ತಾಳೆ.

"ಸೂಕ್ಷ್ಮ ಎಳೆ" ಅಂತ ಓದಿದಾಗ ನನಗೆ ಕಂಡಿದ್ದು ಆ ಬಾಗಿಲು. "ಕಾಲದ ಹರಿವು" ಅಂದಾಗ ಆ ಕಪಾಟು. ಖಾಲಿ ಮಾತುಗಳಿಗೆಲ್ಲ ನಾನೇ ಚಿತ್ರ ತುಂಬಿಕೊಂಡಿದ್ದೆ. ತಂಗಿಯ ಹತ್ತಿರ ತುಂಬೋಕೆ ಏನೂ ಇರಲಿಲ್ಲ. ಬರೆದವಳ ಕಷ್ಟವೂ ನನ್ನದೇ, ಸ್ವಲ್ಪ ಜಾಸ್ತಿ. ಹಸ್ತಪ್ರತಿ ಓದಿದ ಸ್ನೇಹಿತರನ್ನೇ ಬೆನ್ನುಡಿ ಬಗ್ಗೆ ಕೇಳುವುದು ನಮ್ಮೆಲ್ಲರ ಅಭ್ಯಾಸ. ಆ ಕೆಲಸಕ್ಕೆ ಎಲ್ಲರಿಗಿಂತ ಕಡಿಮೆ ಉಪಯೋಗಕ್ಕೆ ಬರುವವರು ಅವರೇ.

ಒಂದು ಗಂಟೆ ಬಿಟ್ಟು ತಂಗಿಯನ್ನು ಮತ್ತೆ ಕೇಳಿದೆ, ಏನು ನೆನಪಿದೆ ಅಂತ. "ಕಾಲ... ಸಂಬಂಧ... ಏನೋ ಮನಸ್ಸಿಗೆ ಮುಟ್ಟುತ್ತಂತೆ" ಅಂದಳು. ಅದನ್ನು ಹಾಗೇ ಗೆಳತಿಗೆ ಕಳಿಸಿದೆ. ಎರಡು ಗಂಟೆ ಸದ್ದಿಲ್ಲ. ಆಮೇಲೆ ಫೋನ್ ಬಂತು. "ನಿನ್ನೆ ಚೆನ್ನಾಗಿದೆ ಅಂದಿದ್ದೆಯಲ್ಲ?" ನ್ಯಾಯವಾದ ಕೋಪ. ಬೈಸಿಕೊಂಡೆ.

ಬೈಸಿಕೊಂಡವರು ಸುಮ್ಮನಿರಬೇಕು ತಾನೇ? ನಾನು ಇನ್ನೊಂದು ತಪ್ಪು ಮಾಡಿದೆ. ರಾತ್ರಿ ಕೂತು ಇಡೀ ಬೆನ್ನುಡಿಯನ್ನು ನಾನೇ ಹೊಸದಾಗಿ ಬರೆದು ಕಳಿಸಿದೆ. ಗೆದ್ದೆ ಅಂದುಕೊಂಡಿದ್ದೆ. ಅವಳು ಓದಿ, "ಪತ್ತೇದಾರಿ ಕಾದಂಬರಿ ಥರ ಇದೆ, ಇದು ನನ್ನ ದನಿಯೇ ಅಲ್ಲ" ಅಂದಳು. ಹೌದು. ನಾನು ಬರೆದದ್ದನ್ನು ನಂಬಿ ಪುಸ್ತಕ ಕೊಂಡವರು ಇಪ್ಪತ್ತನೇ ಪುಟದಲ್ಲಿ ಕೊಲೆ ಹುಡುಕುತ್ತಿದ್ದರು.

ಆಮೇಲೆ ಬರೀ ಪ್ರಶ್ನೆ ಕೇಳಿದೆ. ಮುದುಕ ಬೆನ್ನುಡಿಯಲ್ಲಿ ಯಾಕಿಲ್ಲ? ವಾಚ್ ಯಾಕಿಲ್ಲ? "ಹೇಳಿಬಿಟ್ಟರೆ ಕಥೆ ಬಿಟ್ಟುಕೊಟ್ಟ ಹಾಗೆ" ಅಂದಳು. ಈ ಭಯ ತುಂಬಾ ಜನಕ್ಕಿದೆ. ನನಗನಿಸುವುದು, ಬಾಗಿಲು ಮುಚ್ಚಿತು ಅಂತ ಹೇಳಿದರೆ ಏನೂ ಕೆಡುವುದಿಲ್ಲ. ಯಾಕೆ ಮುಚ್ಚಿತು ಅಂತ ಹೇಳಿದರೆ ಕೆಡುತ್ತದೆ.

ಇನ್ನು ಅವಳ ಬೆನ್ನುಡಿಯಲ್ಲಿದ್ದ "ಒಂದೇ ಗುಕ್ಕಿಗೆ ಓದಿಸಿಕೊಳ್ಳುವ", "ಕೈಗೆತ್ತಿಕೊಂಡರೆ ಕೆಳಗಿಡಲಾಗದ" ಸಾಲುಗಳು. ಬೆನ್ನುಡಿಗೆ ಇಂಗ್ಲಿಷಿನಲ್ಲಿರುವ ಬ್ಲರ್ಬ್ ಅನ್ನುವ ಪದ ಹುಟ್ಟಿದ್ದೇ ಇಂಥ ಮಾತಿನ ಗೇಲಿಗೆ. 1907ರಲ್ಲಿ ಗೆಲೆಟ್ ಬರ್ಜೆಸ್ ಅನ್ನುವ ಅಮೆರಿಕದ ಹಾಸ್ಯ ಲೇಖಕ ಪುಸ್ತಕ ವ್ಯಾಪಾರಿಗಳ ಔತಣಕ್ಕೆ ಅಂತ ತಮಾಷೆಯ ರಕ್ಷಾಪುಟ ಮಾಡಿಸಿದ. ಅದರ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಕೂಗುವ ಹುಡುಗಿ, ಹೆಸರು ಬೆಲಿಂಡಾ ಬ್ಲರ್ಬ್. ನಮ್ಮ ಬೆನ್ನುಡಿಗಳಲ್ಲೂ ಆ ಹುಡುಗಿ ಇನ್ನೂ ಕೂಗುತ್ತಿದ್ದಾಳೆ.

ಅಂದಹಾಗೆ ಆ ಗುಕ್ಕಿನ ಸಾಲು ನನ್ನದೇ! ಹಸ್ತಪ್ರತಿ ಓದಿದ ದಿನ ಕಳಿಸಿದ್ದ ಮೆಸೇಜ್. ಕೇಳದೆಯೇ ಹಾಕಿಕೊಂಡಿದ್ದಾಳೆ. ಬೈಯೋಣ ಅಂದರೆ ಇದಕ್ಕೆ ದೊಡ್ಡವರ ಮೇಲ್ಪಂಕ್ತಿ ಇದೆ. 1855ರಲ್ಲಿ ಅಮೆರಿಕದ ಹೆಸರಾಂತ ಚಿಂತಕ ಎಮರ್ಸನ್ ಮೆಚ್ಚಿ ಖಾಸಗಿಯಾಗಿ ಬರೆದ ಪತ್ರದ ಒಂದು ಸಾಲನ್ನು ಕವಿ ವಾಲ್ಟ್ ವಿಟ್ಮನ್ ತನ್ನ ಕವನ ಸಂಕಲನದ ಮರುವರ್ಷದ ಆವೃತ್ತಿಯಲ್ಲಿ, ಪುಸ್ತಕದ ಬೆನ್ನಪಟ್ಟಿಯ ಮೇಲೆ ಬಂಗಾರದ ಅಕ್ಷರದಲ್ಲಿ ಅಚ್ಚು ಹಾಕಿಸಿದ. ಅನುಮತಿ ಕೇಳಿರಲಿಲ್ಲ. ಅದಕ್ಕೇ ಈಗ ಮೆಚ್ಚುಗೆ ಕಳಿಸುವಾಗ, ಇದು ನಿನಗೆ ಮಾತ್ರ ಅಂತ ಸೇರಿಸುತ್ತೇನೆ.

ಆನ್‌ಲೈನ್ ಮಾರಾಟಕ್ಕೆ ಇನ್ನೊಂದು ಮಾತು. ಅಮೆಜಾನ್‌ನಲ್ಲಿ ಸ್ವಂತ ಪ್ರಕಟಣೆಗೆ ವಿವರಣೆ 4000 ಅಕ್ಷರದವರೆಗೂ ಹಾಕಬಹುದು. ಆದರೆ ಮೊದಲಿಗೆ ಕಾಣುವುದು ಕೆಲವೇ ಸಾಲು, ಉಳಿದದ್ದಕ್ಕೆ ಒತ್ತಬೇಕು. ಅವಳು ಅಲ್ಲಿಗೆ ಮಾಡಿಕೊಂಡಿದ್ದ ಪ್ರತಿಯಲ್ಲಿ ಆ ಸಾಲುಗಳ ತುಂಬ ತನ್ನ ಹಿಂದಿನ ಪುಸ್ತಕಗಳ ಪಟ್ಟಿ ಇಟ್ಟಿದ್ದಳು. ಕೆಳಗೆ ಹೋಯಿತು.

ಹೊಸ ಬೆನ್ನುಡಿ ಮುದುಕನಿಂದ ಶುರುವಾಗುತ್ತದೆ. ಅದನ್ನು ತಂಗಿಗೆ ತೋರಿಸುವ ಹಾಗಿರಲಿಲ್ಲ, ಅವಳಿಗೂ ಈಗ ಅರ್ಧ ಕಥೆ ಗೊತ್ತು. ಗೆಳತಿ ತನ್ನ ಆಫೀಸಿನ ಒಬ್ಬರಿಗೆ ಕೊಟ್ಟಳು. ಕಾದಂಬರಿ ಓದುವ ಅಭ್ಯಾಸವೇ ಇಲ್ಲದವರು. ಓದಿ, "ಬಾಗಿಲು ಹಾಕಿದವಳು ಅವನಿಗೆ ಏನಾಗಬೇಕು?" ಅಂತ ಕೇಳಿದರಂತೆ. ಅಷ್ಟಕ್ಕೇ ಅವಳು ಮುದ್ರಣಕ್ಕೆ ಕಳಿಸಿಬಿಟ್ಟಳು.

"ಮನಮುಟ್ಟುವ" ಮಾತ್ರ ಕೊನೆಯ ಸಾಲಿನಲ್ಲಿ ಹಾಗೇ ಉಳಿದಿದೆ. ಎಷ್ಟು ಹೇಳಿದರೂ ತೆಗೆಯಲಿಲ್ಲ. ಪುಸ್ತಕ ಅವಳದ್ದು, ಬಿಟ್ಟೆ.