ಕೈ ತೊಳೆಯೋಕೆ ಏನ್ರೀ ಕಷ್ಟ?

ಎಷ್ಟೋ ಕ್ರೂಸ್ ಹಡಗುಗಳ ಬಫೆ ಬಾಗಿಲಲ್ಲೇ ಕೈ ತೊಳೆಯೋ ಬೇಸಿನ್ ಇಟ್ಟಿರ್ತಾರೆ. ಆದರೂ ಜನ ಅದರ ಕಡೆ ತಿರುಗಿಯೂ ನೋಡದೆ ಒಳಗೆ ನುಗ್ತಾರೆ. ಕೇಳಿದರೆ ಸ್ಯಾನಿಟೈಸರ್ ಹಾಕ್ಕೊಂಡಿದೀನಿ ಅಂತಾರೆ. ವಾಂತಿಭೇದಿ ತರೋ ನೊರೊವೈರಸ್ ಅದಕ್ಕೆಲ್ಲ ಸುಲಭವಾಗಿ ಜಗ್ಗಲ್ಲ ಕಣ್ರೀ, ಸೋಪು ಹಚ್ಚಿ 20 ಸೆಕೆಂಡಾದರೂ ಉಜ್ಜಿ ತೊಳೀಬೇಕು. ಮೊನ್ನೆ ಒಬ್ಬರು, ಇಕ್ಕಳ ಪಕ್ಕದಲ್ಲೇ ಇದ್ದರೂ, ಬರಿಗೈಯಲ್ಲಿ ಬ್ರೆಡ್ಡುಗಳನ್ನ ಒಂದೊಂದಾಗಿ ಒತ್ತಿ ನೋಡಿ, ಮೆತ್ತಗಿದ್ದದ್ದನ್ನ ಆರಿಸ್ಕೊಂಡು ಮಿಕ್ಕಿದ್ದನ್ನ ಅಲ್ಲೇ ಬಿಟ್ಟು ಹೋದರು. ಮೈಯೆಲ್ಲ ಉರಿದುಹೋಯ್ತು. ಬೆರಳು ನೆಕ್ಕಿ ಅದೇ ಕೈಯಲ್ಲಿ ಸೌಟು ಹಿಡಿಯೋರು ಬೇರೆ. ಆ ಸೌಟನ್ನ ಒಂದು ಹೊತ್ತಿಗೆ ಎಷ್ಟು ಜನ ಮುಟ್ತಾರೆ! ಒಬ್ಬರಿಗೆ ವಾಂತಿಭೇದಿ ಹತ್ತಿದರೆ ಇಡೀ ಹಡಗಿಗೆ ಹಬ್ಬೋಕೆ ಹೊತ್ತು ಬೇಕಿಲ್ಲ. ಮಕ್ಕಳು, ವಯಸ್ಸಾದವರು ನಡುಗಡಲಲ್ಲಿ ಕ್ಯಾಬಿನ್‌ನೊಳಗೆ ಬಿದ್ದು ನರಳಬೇಕು. ಎಂಜಲು ತಟ್ಟೆ ಹಿಡ್ಕೊಂಡು ಮತ್ತೆ ಬಡಿಸ್ಕೊಳ್ಳೋಕೆ ಬರಬೇಡಿ ಅಂದರೆ ನಮ್ಮನ್ನೇ ಗುರಾಯಿಸ್ತಾರೆ.