ಭಾವ ಹೆಲ್ಮ್, ನಾನು ಕ್ರೂ

ಮಂಡ್ಯ ಕಡೆಯವರು ಬೆಳಿಗ್ಗೆ ಪೇಪರ್ ತೆಗೆದರೆ ಮೊದಲು ನೋಡುವುದು ಕೆಆರ್‌ಎಸ್ ಮಟ್ಟ. ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ನಾಲೆಗೆ ನೀರು ಬಿಡುತ್ತಾರಾ, ನಾಟಿ ಮಾಡಬಹುದಾ ಅನ್ನುವ ಲೆಕ್ಕ ಅವರದು. ಮೈಸೂರಿನಲ್ಲಿರುವ ನಮ್ಮ ಭಾವನೂ ಅದನ್ನೇ ಮೊದಲು ನೋಡುತ್ತಾರೆ. ಅವರಿಗೆ ಒಂದು ಗುಂಟೆ ಗದ್ದೆಯೂ ಇಲ್ಲ. ಹಿನ್ನೀರಿನ ದಡದ ಒಂದು ಕ್ಲಬ್ಬಿನಲ್ಲಿ ಹಾಯಿದೋಣಿ ಇದೆ, ಅಷ್ಟೇ. ಮಟ್ಟ ಇಳಿದಷ್ಟೂ ನೀರು ದಡ ಬಿಟ್ಟು ಹಿಂದೆ ಹೋಗುತ್ತದೆ, ನೀರು ಹಿಂದೆ ಹೋದಷ್ಟೂ ದೋಣಿಯನ್ನು ಕೆಸರಿನಲ್ಲಿ ಜಾಸ್ತಿ ದೂರ ತಳ್ಳಬೇಕು, ತಳ್ಳುವವನು ನಾನು. ಬೇಸಿಗೆಯಲ್ಲಿ ಆ ಕೆಸರು ನನ್ನ ಎಡಗಾಲಿನ ಚಪ್ಪಲಿಯನ್ನು ನುಂಗಿತು. ಆಮೇಲೆ ಕೊಡಗಿನಲ್ಲಿ ಚೆನ್ನಾಗಿ ಮಳೆಯಾಗಿ ಅಣೆಕಟ್ಟು ತುಂಬಿತು. ರೈತರಿಗೆ ಖುಷಿ, ಭಾವನಿಗೆ ಖುಷಿ. ಚಪ್ಪಲಿ ಮಾತ್ರ ಕಾವೇರಿಗೆ ಬಾಗಿನ.

ದೋಣಿ ಎಂಟರ್‌ಪ್ರೈಸ್ ಜಾತಿಯದು. 1956ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ಅನ್ನುವವರು ರೂಪಿಸಿದ್ದು. ಸುಮಾರು 13 ಅಡಿ ಉದ್ದ, ನೀಲಿ ಹಾಯಿ, ಇಬ್ಬರಿಗೆ ಜಾಗ. ಹಿಂದೆ ಕೂತು ಚುಕ್ಕಾಣಿ ಹಿಡಿಯುವವರು ಹೆಲ್ಮ್. ಮುಂದೆ ಕೂತು ಚಿಕ್ಕ ಹಾಯಿಯ ಹಗ್ಗ ಎಳೆದು, ದೋಣಿ ವಾಲಿದಾಗ ಅಂಚಿನಿಂದಾಚೆ ಬೆನ್ನು ಚಾಚಿ, ಒಳಗೆ ನುಗ್ಗಿದ ನೀರನ್ನು ಗೋರಿ ಚೆಲ್ಲಿ, ಇದರ ನಡುವೆ ಬೈಸಿಕೊಳ್ಳುವ ಕೆಲಸವನ್ನೂ ಮಾಡುವವನು ಕ್ರೂ. ಗೆದ್ದರೆ ಹೆಲ್ಮ್ ಗೆದ್ದ ಹಾಗೆ. ಸೋತರೆ ಕ್ರೂಗೆ ಏನೂ ಬರಲ್ಲ.

ದೊಡ್ಡ ಹಾಯಿಯ ಬುಡದಲ್ಲಿ ಬೂಮ್ ಅಂತ ಒಂದು ಉದ್ದ ಕಂಬ ಅಡ್ಡಡ್ಡ ಇರುತ್ತದೆ. ಈ ದೋಣಿಯಲ್ಲಿ ಅದು ಬಹಳ ತಗ್ಗು. ಹಿಂದಿನಿಂದ ಗಾಳಿ ಬೀಸುವಾಗ ದೋಣಿ ತಿರುಗಿಸಿದರೆ ಬೂಮ್ ಈ ಕಡೆಯಿಂದ ಆ ಕಡೆಗೆ ಬೀಸಿಕೊಂಡು ಬರುತ್ತದೆ. ಅದಕ್ಕೇ ತಿರುಗಿಸುವ ಮುಂಚೆ ‘ಜೈಬ್’ ಅಂತ ಕೂಗಬೇಕು. ಭಾವ ಖಂಡಿತ ಕೂಗುತ್ತಾರೆ. ತಿರುಗಿಸಿದ ಮೇಲೆ. ನೀರಿನ ಮೇಲೆ ಸದ್ದು ಬಹಳ ದೂರ ಹೋಗುತ್ತದೆ ನೋಡಿ, ನನ್ನ ತಲೆಗೆ ಬಡಿದದ್ದು ದಡದಲ್ಲಿ ಈರುಳ್ಳಿ ಹೆಚ್ಚುತ್ತಾ ಕೂತ ಅಕ್ಕನಿಗೂ ಕೇಳಿಸುತ್ತದೆಯಂತೆ. ಕ್ಲಬ್ಬಿನಲ್ಲಿ ಗಂಡ ಹೆಂಡತಿ ಒಂದೇ ದೋಣಿಯಲ್ಲಿ ಹೋಗುವವರೂ ಇದ್ದಾರೆ. ಅವರ ಮನೆಯ ಅಷ್ಟೂ ವಿಚಾರ ನಮಗೆಲ್ಲ ಬಾಯಿಪಾಠ.

ಹೋದ ಆಷಾಢದ ಒಂದು ಭಾನುವಾರ ರೇಸ್ ಇತ್ತು. ಆರು ದೋಣಿ. ಪಡುವಣ ಗಾಳಿ ಭರ್ಜರಿಯಾಗಿ ಬೀಸುತ್ತಿತ್ತು. ಗಾಳಿ ಬಂದಾಗ ತೂರಿಕೋ ಅಂತ ಭಾವ ಪಂಚೆ ಬಿಚ್ಚಿ ಚಡ್ಡಿ ಏರಿಸಿದರು. ಶುರುವಿಗೆ ಐದು ನಿಮಿಷ ಇದ್ದಾಗ ಒಂದು ಬಾವುಟ ಮೇಲೆ, ನಾಲ್ಕು ಇದ್ದಾಗ ಇನ್ನೊಂದು, ಒಂದು ನಿಮಿಷ ಉಳಿದಾಗ ಅದು ಕೆಳಗೆ, ಕೊನೆಗೆ ಮೊದಲನೆಯದೂ ಕೆಳಗೆ ಬಂದರೆ ಶುರು. ಗಾಳಿಗೆ ಎದುರಾಗಿ ಯಾವ ಹಾಯಿದೋಣಿಯೂ ನೇರ ಹೋಗಲ್ಲ, ಸುಮಾರು 45 ಡಿಗ್ರಿ ಓರೆಯಾಗಿ ಆ ಕಡೆ ಒಂದಿಷ್ಟು ಈ ಕಡೆ ಒಂದಿಷ್ಟು ಅಂತ ಸೊಟ್ಟಸೊಟ್ಟ ಹೋಗಬೇಕು. ಎರಡು ದೋಣಿ ಎದುರುಬದುರಾದರೆ ಬಲಗಡೆಯಿಂದ ಗಾಳಿ ಪಡೆಯುತ್ತಿರುವ ದೋಣಿಗೆ ದಾರಿ ಬಿಡಬೇಕು. ಆ ದೋಣಿಯವರು ‘ಸ್ಟಾರ್‌ಬೋರ್ಡ್’ ಅಂತ ಕೂಗುತ್ತಾರೆ. ಭಾವನಿಗೆ ಇಡೀ ಆಟದಲ್ಲಿ ಬಹಳ ಇಷ್ಟವಾದ ಭಾಗ ಇದು.

ನಮ್ಮ ಮುಂದೆ ಒಂದು ತೆಪ್ಪ ಬಂತು. ಅದರಲ್ಲಿ ಬೀಡಿ ಕಚ್ಚಿಕೊಂಡು ಒಬ್ಬರು ಬಲೆ ಬಿಡುತ್ತಿದ್ದರು.

“ಸ್ಟಾರ್‌ಬೋರ್ಡ್!” ಅಂತ ಭಾವ ಕಿರುಚಿದರು.

ಆತ ಹಿಂದೆ ತಿರುಗಿ ನೋಡಿ, “ಯಾರ್ನ ಸಾ ಕೂಗ್ತಿರೋದು? ಇಲ್ಲಿ ನಾನೊಬ್ನೇ ಇರೋದು” ಅಂದರು.

ಭಾವ ವಿವರಿಸಲು ಹೊರಟರು. ಅಷ್ಟರಲ್ಲಿ ದೋಣಿಯ ತಳದಿಂದ ನೀರಿಗಿಳಿದಿರುವ ಸೆಂಟರ್‌ಬೋರ್ಡ್ ಬಲೆಗೆ ಸಿಕ್ಕಿಕೊಂಡಿತು. ದೋಣಿ ಗಕ್ಕನೆ ನಿಂತಿತು, ಗಾಳಿ ನಿಲ್ಲಲಿಲ್ಲ. ನಿಧಾನವಾಗಿ, ಬಹಳ ಮರ್ಯಾದೆಯಿಂದ, ನಾವಿಬ್ಬರೂ ನೀರಿಗೆ ಬಿದ್ದೆವು. ರಕ್ಷಣಾ ಬೋಟಿನವರು ದಡದಲ್ಲಿ ಇಂಜಿನ್ನಿನ ಹಗ್ಗ ಎಳೆಯುವುದು, ಅದು ಬುರ್ ಅನ್ನುವುದು, ಸುಮ್ನಾಗುವುದು, ಎಲ್ಲ ಕಾಣಿಸುತ್ತಿತ್ತು. ತೆಪ್ಪದವರು ಬಂದರು. ಮೊದಲು ಬಲೆ ಬಿಡಿಸಿದರು. ಅದನ್ನು ಎತ್ತಿ, ಬೆಳಕಿಗೆ ಹಿಡಿದು, ಕಣ್ಣುಕಣ್ಣೂ ನೋಡಿದರು. ಒಂದು ಜಿಲೇಬಿ ಮೀನು ಒದ್ದಾಡುತ್ತಿತ್ತು. “ಹರ್ದಿಲ್ಲ ಬುಡಿ ಸಾ, ಯೋಚ್ನೆ ಮಾಡ್ಬೇಡಿ” ಅಂತ ನಮಗೇ ಸಮಾಧಾನ ಹೇಳಿ ಹೊರಟುಹೋದರು. ಮಗುಚಿದ ದೋಣಿಯನ್ನು ಎಬ್ಬಿಸಲು ಒಬ್ಬರು ಸೆಂಟರ್‌ಬೋರ್ಡ್ ಮೇಲೆ ನಿಂತು ಭಾರ ಹಾಕಬೇಕು. ಅಕ್ಕನ ಅಡುಗೆ ಇಷ್ಟು ವರ್ಷ ಭಾವನಲ್ಲಿ ಸೇರಿಸಿಟ್ಟಿದ್ದು ಅಂದು ಕೆಲಸಕ್ಕೆ ಬಂತು.

ಕಳೆದ ಸಮಯ ಹಿಡಿಯುವ ಆತುರದಲ್ಲಿ ಭಾವ ತಾವೇ ದಾರಿ ಬಿಡಬೇಕಾದ ದೋಣಿಗೆ ಹೋಗಿ ಗುದ್ದಿದರು. ಅಂಥ ತಪ್ಪಿಗೆ ಅಲ್ಲೇ ಎರಡು ಸುತ್ತು ಗಿರಕಿ ಹೊಡೆದರೆ ಮಾಫಿ. ಭಾವ ಹೊಡೆಯಲಿಲ್ಲ. “ಪ್ರೊಟೆಸ್ಟ್!” ಅಂತ ಆ ದೋಣಿಯವರು ಕೂಗಿದರು.

ವಿಚಾರಣೆ ನಡೆದದ್ದು ಹೊಂಗೆ ಮರದ ಕೆಳಗೆ, ಬಿಸಿಬೇಳೆಬಾತ್ ಬಡಿಸುವ ಹೊತ್ತಿಗೆ. ಮೇಜಿನ ಮೇಲೆ ಉಪ್ಪಿನ ಡಬ್ಬಿ ನಾವು, ತುಪ್ಪದ ಗಿಂಡಿ ಅವರು, ಸ್ಟೀಲ್ ಲೋಟ ರೇಸಿನಲ್ಲಿ ಸುತ್ತಿ ಬರಬೇಕಾದ ತೇಲುಬುರುಡೆ. ತುಪ್ಪ ಬೇಕಾದವರು ಗಿಂಡಿ ಎತ್ತಿದಾಗಲೆಲ್ಲ ಅಪಘಾತದ ಜಾಗ ಬದಲಾಗುತ್ತಿತ್ತು. ಇಂಥ ಚರ್ಚೆಯಿಲ್ಲದಿದ್ದರೆ ಅರ್ಧ ಜನ ಕ್ಲಬ್ಬಿಗೆ ಬರುತ್ತಲೇ ಇರಲಿಲ್ಲ ಅನ್ನುವುದು ನನ್ನ ಗುಮಾನಿ. ಕ್ರೂ ಅಡ್ಡ ಕೂತಿದ್ದ, ಎದುರಿಗೆ ಏನೂ ಕಾಣಲಿಲ್ಲ ಅಂತ ಭಾವ ವಾದಿಸಿದರು. ತೀರ್ಪುಗಾರರು ಬೂಂದಿ ಜಗಿಯುತ್ತಾ ನಮ್ಮ ದೋಣಿಯನ್ನು ಅನರ್ಹ ಮಾಡಿದರು. ಮೊದಲು ಬಂದವರಿಗೆ ಒಂದು ಅಂಕ, ಎರಡನೆಯವರಿಗೆ ಎರಡು, ಅನರ್ಹರಾದವರಿಗೆ ಒಟ್ಟು ದೋಣಿಗಳಿಗಿಂತ ಒಂದು ಜಾಸ್ತಿ. ಬೋರ್ಡಿನ ಮೇಲೆ ನಮ್ಮ ಹೆಸರಿನ ಮುಂದೆ ಏಳು ಅಂತ ಬರೆದರು.

ಅಕ್ಕ ಮಜ್ಜಿಗೆ ಬಡಿಸುತ್ತಾ ಬೋರ್ಡ್ ನೋಡಿದಳು. “ಅಲ್ಲಾರೀ, ಹೋಗಿದ್ದೇ ಆರು ದೋಣಿ. ನೀವು ಅದ್ಹೇಗೆ ಏಳನೆಯವರಾದ್ರಿ?”

“ನಿನ್ನ ತಮ್ಮನ್ನ ಕೇಳು” ಅಂದರು ಭಾವ. “ಹಗ್ಗ ಅವನ ಕೈಲಿತ್ತು.”