ಸೂತಕ ಕಳೆಯುತ್ತಲೇ ಅರ್ಜಿ ಹಾಕಿ

ಶಿಕ್ಷೆಯಾದವರು ಅಪೀಲು ಹಾಕಿ, ಅದು ವಿಚಾರಣೆಗೆ ಬರುವ ಮೊದಲೇ ತೀರಿಕೊಂಡರೆ ಅಪೀಲೂ ಜೊತೆಯಲ್ಲೇ ತೀರಿಕೊಳ್ಳುತ್ತದೆ. ‘ಅಬೇಟ್ ಆಯ್ತು’ ಎನ್ನುತ್ತಾರೆ ವಕೀಲರು. ವರ್ಷಗಟ್ಟಲೆ ಪಟ್ಟಿಯ ಬಾಲ ಹಿಡಿದು ನೇತಾಡಿದ ಕಡತಕ್ಕೆ ಒಂದು ಮೆಮೊ, ಮರಣ ಪ್ರಮಾಣಪತ್ರ, ‘ಸತ್ತದ್ದು ನಿಜ’ ಎಂಬ ಠಾಣೆಯ ವರದಿ ಸೇರಿತೋ, ಅಂದೇ ಮುಕ್ತಿ. ಕೆಳಕೋರ್ಟು ಅಂಟಿಸಿದ ‘ಅಪರಾಧಿ’ ಪಟ್ಟ ಮಾತ್ರ ಚಿತೆಯಲ್ಲೂ ಸುಡುವುದಿಲ್ಲ.

ಅದನ್ನು ಅಳಿಸಬೇಕೆಂದರೆ ಮನೆಯವರು ಸಾವಿನ ದಿನದಿಂದ 30 ದಿನದೊಳಗೆ ‘ಅಪೀಲು ನಾವು ನಡೆಸುತ್ತೇವೆ’ ಎಂದು ಅನುಮತಿ ಕೇಳಬೇಕು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 394ನೇ ಕಲಂ, ಈಗ ನಾಗರಿಕ ಸುರಕ್ಷಾ ಸಂಹಿತೆಯ 435. ಸಾವು ನೋಂದಾಯಿಸಲು ಸರ್ಕಾರ ಕೊಡುವ ಅವಧಿಯೇ 21 ದಿನ. ನಡುವೆ ಹನ್ನೊಂದನೆಯ ದಿನ, ವೈಕುಂಠ ಸಮಾರಾಧನೆ. ಮಿಕ್ಕ ಒಂಬತ್ತು ದಿನದಲ್ಲಿ ವಕಾಲತ್ತು, ಅಫಿಡವಿಟ್ಟು. ಸಹಿ ಹಾಕಬಲ್ಲವರು ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ಮೊಮ್ಮಕ್ಕಳು, ಒಡಹುಟ್ಟಿದವರು. ಕೊನೆಗಾಲದಲ್ಲಿ ಗಂಜಿ ಕುಡಿಸಿದ ಸೊಸೆಗೆ ಆ ಹಕ್ಕಿಲ್ಲ. ಗಡುವು ತಪ್ಪಿದರೆ ‘ವಿಳಂಬ ಮನ್ನಿಸಿ’ ಎಂದು ಇನ್ನೊಂದು ಅರ್ಜಿ. ವಿಳಂಬ ಯಾರದೆಂದು ಅಲ್ಲಿ ಕೇಳಬಾರದು.

ಜೈಲು ಸತ್ತವನನ್ನು ಬಿಡುತ್ತದೆ, ದಂಡ ಬಿಡುವುದಿಲ್ಲ. ಅದನ್ನು ಅವನ ಆಸ್ತಿಯಿಂದ ಕಕ್ಕಿಸಬಹುದು. ಆದ್ದರಿಂದಲೇ ದಂಡದ ಮೇಲಿನ ಅಪೀಲು ಅಬೇಟ್ ಆಗುವುದಿಲ್ಲ. ಐದು ಸಾವಿರ ರೂಪಾಯಿ ದಂಡದವನಿಗೆ ಈ ಚಿರಾಯುಷ್ಯ ಖಾತ್ರಿ.

ನೂರು ಕೋಟಿಯದಾದರೆ? 1996ರಲ್ಲಿ ಶುರುವಾಗಿ, ಚೆನ್ನೈಯಿಂದ ಬೆಂಗಳೂರಿಗೆ ವರ್ಗವಾದ, ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದಲ್ಲಿ 2014ರಲ್ಲಿ ನಾಲ್ಕು ವರ್ಷ ಜೈಲು, 100 ಕೋಟಿ ದಂಡ. 2015ರಲ್ಲಿ ಹೈಕೋರ್ಟು ಖುಲಾಸೆ ಮಾಡಿತು, ಅದೂ ಸಾಲದ ಮೊತ್ತವನ್ನು ತಪ್ಪಾಗಿ ಕೂಡಿ. ಕರ್ನಾಟಕ ಅಪೀಲು ಹೋಯಿತು. ಸುಪ್ರೀಂ ಕೋರ್ಟು 2016ರ ಜೂನ್‌ನಲ್ಲಿ ವಾದ ಕೇಳಿ ಮುಗಿಸಿ ತೀರ್ಪು ಕಾಯ್ದಿರಿಸಿತು. ಡಿಸೆಂಬರ್ 5ರಂದು ಆಕೆ ತೀರಿಕೊಂಡರು. ತೀರ್ಪು ಬಂದದ್ದು 2017ರ ಫೆಬ್ರವರಿ 14ಕ್ಕೆ. ಸಹ ಆರೋಪಿಗಳಾಗಿದ್ದ ಮೂವರು ಜೈಲಿಗೆ, ಮೊದಲನೆಯ ಆರೋಪಿ ಜಯಲಲಿತಾ ಮೇಲಿನ ಅಪೀಲು ಅಬೇಟ್. ದಂಡದ ಮೇಲಿನ ಅಪೀಲಿಗಿರುವ ವಿನಾಯಿತಿ, ಖುಲಾಸೆಯ ವಿರುದ್ಧ ಸರ್ಕಾರ ಹಾಕಿದ ಅಪೀಲಿಗೆ ಇಲ್ಲ ನೋಡಿ. ‘ವಾದ ಮುಗಿದಾಗ ಆಕೆ ಬದುಕಿದ್ದರಲ್ಲ’ ಎಂದು ಕರ್ನಾಟಕ ಮರುಪರಿಶೀಲನೆ ಕೋರಿತು. ಅದೂ ವಜಾ.

ಮುಟ್ಟುಗೋಲಾಗಿದ್ದ 27 ಕಿಲೋಗೂ ಮಿಕ್ಕಿದ ಚಿನ್ನ ಮಾತ್ರ 2025ರ ಫೆಬ್ರವರಿಯವರೆಗೂ ಬೆಂಗಳೂರಿನ ಖಜಾನೆಯಲ್ಲೇ ಕೂತಿದ್ದು, ಆಮೇಲೆ ಪೆಟ್ಟಿಗೆ ಪೆಟ್ಟಿಗೆಯಾಗಿ, ಪೊಲೀಸ್ ಕಾವಲಿನಲ್ಲಿ ತಮಿಳುನಾಡಿಗೆ ಹೊರಟಿತು.